ನಿಮಗಿದು ಗೊತ್ತೇ? ಅಪ್ಪನ ಪಿಂಚಣಿ, ಮಗಳ ಸರದಿ

ಕುಟುಂಬ ಪಿಂಚಣಿ, ಅಂದರೆ ಸರ್ಕಾರಿ ನೌಕರರು ತೀರಿಕೊಂಡ ಮೇಲೆ ಮನೆಯವರಿಗೆ ಬರುವ ಪಿಂಚಣಿ, ಆಸ್ತಿಯಲ್ಲ. ಅದನ್ನು ಉಯಿಲು ಬರೆದು ಯಾರಿಗೂ ಕೊಡಲಾಗದು ಎಂದು ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿದೆ. ಹೊಲ ಮನೆಯ ಹಾಗೆ ಮಕ್ಕಳೆಲ್ಲ ಕೂತು ಹಂಚಿಕೊಳ್ಳುವಂತೆಯೂ ಇಲ್ಲ. ಇಲ್ಲಿರುವುದು ಪಾಲಲ್ಲ, ಸರದಿ.

ಸರದಿ ಹೀಗೆ: ಮೊದಲು ಗಂಡ ಅಥವಾ ಹೆಂಡತಿ. ಆಮೇಲೆ 25 ತುಂಬದ ಮಕ್ಕಳು. ಬಳಿಕ ದುಡಿಯಲಾಗದ ಅಂಗವಿಕಲ ಮಗ ಅಥವಾ ಮಗಳು. ಇವರ್ಯಾರೂ ಇಲ್ಲದಾಗ 25 ದಾಟಿದ ಅವಿವಾಹಿತ, ವಿಧವೆ ಅಥವಾ ವಿಚ್ಛೇದಿತ ಮಗಳು. (ಇದು ಮುಖ್ಯವಾಗಿ 2004ರ ಜನವರಿಗೆ ಮೊದಲು ಕೇಂದ್ರ ಸರ್ಕಾರದ ಕೆಲಸಕ್ಕೆ ಸೇರಿದವರ ಮಾತು. ರಾಜ್ಯ ನೌಕರರ ನಿಯಮ ಬೇರೆ.)

25 ದಾಟಿದ ಮಗಳಿಗೆ ಬಾಗಿಲು ತೆರೆದದ್ದು ತೀರ ಈಚೆಗೆ. ವಿಧವೆ, ವಿಚ್ಛೇದಿತೆಯರಿಗೆ 2004ರ ಆಗಸ್ಟ್‌ನಲ್ಲಿ. ಮದುವೆಯೇ ಆಗದವಳು ಇನ್ನೂ ಮೂರು ವರ್ಷ ಕಾಯಬೇಕಾಯಿತು, 2007ರ ಸೆಪ್ಟೆಂಬರ್‌ವರೆಗೆ. ಮದುವೆಯಾಗದೆ ಅಪ್ಪ ಅಮ್ಮನನ್ನು ನೋಡಿಕೊಂಡು ಉಳಿದವಳು ಕೊನೆಗೆ ನೆನಪಾದದ್ದು ಯಾಕೋ!

ಇಬ್ಬರು ಹೆಣ್ಣುಮಕ್ಕಳಿದ್ದರೆ? ದೊಡ್ಡವಳಿಗೆ ಮೊದಲು. ಅವಳು ಮದುವೆಯಾದರೆ, ದುಡಿಯತೊಡಗಿದರೆ ಅಥವಾ ತೀರಿಕೊಂಡರೆ ಮಾತ್ರ ಚಿಕ್ಕವಳಿಗೆ.

ಎಷ್ಟು ಸಿಗುತ್ತದೆ? ಕೊನೆಯ ಮೂಲವೇತನದ ಶೇ 30. ಕನಿಷ್ಠ 9,000 ರೂಪಾಯಿ, ಮೇಲೆ ತುಟ್ಟಿ ಪರಿಹಾರ. ಮಗಳ ಸ್ವಂತ ಆದಾಯಕ್ಕೂ ಅದೇ ಗೆರೆ: ತಿಂಗಳಿಗೆ 9,000 ರೂಪಾಯಿ ಮತ್ತು ಅದರ ಮೇಲಿನ ತುಟ್ಟಿ ಪರಿಹಾರ. ಅದನ್ನು ಮುಟ್ಟಿದರೆ ಹಕ್ಕು ಹೋಯಿತು.

ಈಗ ಎಲ್ಲರೂ ಎಡವುವ ಜಾಗ, ತಾರೀಖು. ಅಪ್ಪ ಅಥವಾ ಅಮ್ಮನಲ್ಲಿ ಒಬ್ಬರಾದರೂ ಬದುಕಿರುವಾಗಲೇ ಮಗಳು ವಿಧವೆಯಾಗಿರಬೇಕು. ಇಬ್ಬರೂ ಹೋದ ಮರುವಾರ ಗಂಡ ತೀರಿಕೊಂಡರೂ ಪಿಂಚಣಿ ಇಲ್ಲ. ಸಾವಿಗೂ ಗಡುವು ಹಾಕುವ ನಿಯಮ ಇದು! ವಿಚ್ಛೇದನದಲ್ಲಿ ಮಾತ್ರ 2017ರ ಜುಲೈನಲ್ಲಿ ಸ್ವಲ್ಪ ಸಡಿಲಿಸಿದರು. ಅರ್ಜಿ ಹೆತ್ತವರಲ್ಲೊಬ್ಬರು ಬದುಕಿದ್ದಾಗ ಕೋರ್ಟಿಗೆ ಬಿದ್ದಿದ್ದರೆ ಸಾಕು, ಡಿಕ್ರಿ ಆಮೇಲೆ ಬಂದರೂ ನಡೆಯುತ್ತದೆ. ಪಿಂಚಣಿ ವಿಚ್ಛೇದನದ ದಿನದಿಂದ ಶುರು. ನಮ್ಮ ಕೌಟುಂಬಿಕ ನ್ಯಾಯಾಲಯಗಳಲ್ಲಿ ಕೇಸು ಎಷ್ಟು ವರ್ಷ ಎಳೆಯುತ್ತದೆಂದು ಬಲ್ಲವರಿಗೆ ಇದರ ಬೆಲೆ ಗೊತ್ತು.

ಸೇವೆಯಲ್ಲಿದ್ದಾಗಲೇ ತೀರಿಕೊಂಡವರ ಮನೆಯವರಿಗೆ ಕೊಡುವ ಅನುಕಂಪದ ನೌಕರಿಗೆ ಲೆಕ್ಕವೇ ಬೇರೆ. ಮಂಡ್ಯ ಜಿಲ್ಲಾ ಖಜಾನೆಯ ಮಹಿಳಾ ನೌಕರರೊಬ್ಬರು 2012ರ ಮಾರ್ಚ್‌ನಲ್ಲಿ ತೀರಿಕೊಂಡರು. ಮಗಳ ವಿಚ್ಛೇದನದ ಡಿಕ್ರಿ ಬಂದದ್ದು 2013ರ ಮಾರ್ಚ್‌ನಲ್ಲಿ. ಅಮ್ಮ ಸತ್ತ ದಿನ ಆಕೆ ವಿಚ್ಛೇದಿತೆಯಾಗಿರಲಿಲ್ಲ ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಕೆಲಸ ನಿರಾಕರಿಸಿತು. ಅದಕ್ಕೂ ಮುಂಚೆ, 2020ರ ಡಿಸೆಂಬರ್‌ನಲ್ಲಿ, ವಿವಾಹಿತ ಮಗಳನ್ನು ಅನುಕಂಪದ ನೌಕರಿಯಿಂದ ಹೊರಗಿಡುವುದು ತಾರತಮ್ಯ ಎಂದು ಕರ್ನಾಟಕ ಹೈಕೋರ್ಟ್ ಹೇಳಿತ್ತು.

ಮತ್ತೆ ಪಿಂಚಣಿಗೆ ಬರೋಣ. ಮದುವೆಯಾಗಿ ಹೋದಳೆಂದು, ನೌಕರರು ಕಚೇರಿಗೆ ಕೊಡುವ ಕುಟುಂಬದ ವಿವರದಿಂದ ಮಗಳ ಹೆಸರು ತೆಗೆಯಬೇಕೇ? ಬೇಡ. ಹೆಸರು ಉಳಿಯಬೇಕು ಎಂದು ಕೇಂದ್ರ ಪಿಂಚಣಿ ಇಲಾಖೆ 2024ರ ಅಕ್ಟೋಬರ್‌ನಲ್ಲಿ ಸ್ಪಷ್ಟಪಡಿಸಿದೆ. ಪಿಂಚಣಿ ಯಾರಿಗೆ ಎಂಬುದು ಆಮೇಲಿನ ಮಾತು. ಹೆಸರೇ ಇಲ್ಲದಿದ್ದರೆ ಓಡಾಟ ಮಾತ್ರ ಖಚಿತ.

ಕುಟುಂಬ ಪಿಂಚಣಿಗೆ ತೆರಿಗೆಯೂ ಇದೆ, ಸಂಬಳದ ಲೆಕ್ಕದಲ್ಲಲ್ಲ, ‘ಇತರ ಮೂಲಗಳ ಆದಾಯ’ದಲ್ಲಿ.

ಖಾಸಗಿ ಕಂಪನಿಯ ಪಿಎಫ್ ಪಿಂಚಣಿಯಲ್ಲಿ ಈ ಸರದಿಯೇ ಇಲ್ಲ. 1995ರ ಆ ಯೋಜನೆಯಲ್ಲಿ ಮಕ್ಕಳ ಪಿಂಚಣಿ 25ಕ್ಕೆ ಮುಗಿಯುತ್ತದೆ, ಅಂಗವಿಕಲರಿಗೆ ಮಾತ್ರ ವಿನಾಯಿತಿ. 25 ದಾಟಿ, ವಿಧವೆಯಾಗಿ ತವರಿಗೆ ಮರಳಿದ ಮಗಳಿಗೆ ಅಲ್ಲಿ ಮಕ್ಕಳ ಪಿಂಚಣಿ ಇಲ್ಲ. 25ರೊಳಗಿನ ಮಗುವಿಗೆ ಕನಿಷ್ಠ 250 ರೂಪಾಯಿ. ಹೌದು, ತಿಂಗಳಿಗೆ.