ಸದ್ದು ನಿಂತರೆ ಅಪಾಯ!

ಮಕ್ಕಳೇ, ಮಿಂಚು ಕಂಡ ಸ್ವಲ್ಪ ಹೊತ್ತಿನ ಮೇಲೆ ಗುಡುಗು ಕೇಳಿಸುತ್ತದೆ, ಅಲ್ಲವೇ? ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಮಾತ್ರ ಸಾಗುವುದೇ ಇದಕ್ಕೆ ಕಾರಣ. ಎರಡನೆಯ ಮಹಾಯುದ್ಧದ ಕೊನೆಯ ವರ್ಷ, ಲಂಡನ್ ನಗರದ ಜನರಿಗೆ ಶಬ್ದದ ಈ ವೇಗ ಸಾವು ಬದುಕಿನ ಪ್ರಶ್ನೆಯಾಗಿತ್ತು.

ಮೊದಲು ಸದ್ದು, ಆಮೇಲೆ ಸ್ಫೋಟ

1944ರ ಜೂನ್ 13ರಂದು ಜರ್ಮನಿಯ 'ವಿ-1' ಕ್ಷಿಪಣಿ ಲಂಡನ್ ಮೇಲೆ ಮೊದಲ ಬಾರಿಗೆ ಬಿತ್ತು. ಅದು ಪೈಲಟ್ ಇಲ್ಲದ ಪುಟ್ಟ ವಿಮಾನದಂತಿತ್ತು. ಅದರ ವೇಗ ಗಂಟೆಗೆ ಸುಮಾರು 640 ಕಿ.ಮೀ. ಇದು ಶಬ್ದದ ವೇಗಕ್ಕಿಂತ ಕಡಿಮೆ. ಹಾಗಾಗಿ ಎಂಜಿನ್ನಿನ ಗುರುಗುಟ್ಟುವ ಸದ್ದು ಮೊದಲೇ ಕೇಳಿಸುತ್ತಿತ್ತು. ಆ ಸದ್ದು ತಟ್ಟನೆ ನಿಂತರೆ ಕ್ಷಿಪಣಿ ಕೆಳಗೆ ಧುಮುಕುತ್ತಿದೆ ಎಂದರ್ಥ. ಸ್ಫೋಟಕ್ಕೆ ಉಳಿದಿರುವುದು ಸುಮಾರು 12 ಸೆಕೆಂಡು ಮಾತ್ರ!

ಅಡುಗೆ ಮಾಡುವಾಗ, ಪಾಠ ಕೇಳುವಾಗ, ಬಸ್ಸಿಗೆ ಕಾಯುವಾಗ ಜನರ ಒಂದು ಕಿವಿ ಆಕಾಶದ ಕಡೆಗೇ ಇರುತ್ತಿತ್ತು. ಹಲವು ಮನೆಗಳಲ್ಲಿ ಉಕ್ಕಿನ ಮೇಜುಗಳಿದ್ದವು. ಹಗಲು ಅದರ ಮೇಲೆ ಊಟ, ರಾತ್ರಿ ಅದರ ಕೆಳಗೆ ನಿದ್ದೆ. ಚಾವಣಿ ಕುಸಿದರೂ ಉಕ್ಕು ಭಾರ ತಡೆಯುತ್ತಿತ್ತು. ಸ್ಫೋಟದ ಒತ್ತಡಕ್ಕೆ ಕಿಟಕಿಯ ಗಾಜು ಒಡೆದು ಚೂರುಗಳು ಹಾರದಂತೆ ಅಂಟು ಕಾಗದದ ಪಟ್ಟಿ ಹಚ್ಚುತ್ತಿದ್ದರು. ಸಾವಿರಾರು ಮಕ್ಕಳನ್ನು ದೂರದ ಊರುಗಳಿಗೆ ಕಳುಹಿಸಲಾಯಿತು.

ಮೊದಲು ಸ್ಫೋಟ, ಆಮೇಲೆ ಸದ್ದು

1944ರ ಸೆಪ್ಟೆಂಬರ್ 8ರಂದು 'ವಿ-2' ರಾಕೆಟ್ ಬಂತು. ಅದು ಶಬ್ದದ ಎರಡು ಪಟ್ಟಿಗಿಂತ ಹೆಚ್ಚು ವೇಗದಲ್ಲಿ ನೆಲಕ್ಕೆ ಬೀಳುತ್ತಿತ್ತು. ಲೆಕ್ಕ ಮಾಡಿ ನೋಡಿ: ಒಂದು ಕಿ.ಮೀ. ಸಾಗಲು ಶಬ್ದಕ್ಕೆ ಸುಮಾರು 3 ಸೆಕೆಂಡು ಬೇಕು. ವಿ-2 ರಾಕೆಟ್ಟಿಗೆ ಒಂದೂವರೆ ಸೆಕೆಂಡು ಸಾಕು. ಆದ್ದರಿಂದ ಮೊದಲು ಸ್ಫೋಟವಾಗಿ, ಅದು ಗಾಳಿ ಸೀಳಿ ಬಂದ ಸದ್ದು ಆಮೇಲೆ ಕೇಳಿಸುತ್ತಿತ್ತು. ಕಿವಿಗೊಟ್ಟು ಪ್ರಯೋಜನವಿರಲಿಲ್ಲ. ಅಡಗಲು ಸಮಯವೂ ಇರಲಿಲ್ಲ. ನವೆಂಬರ್ 25ರ ಶನಿವಾರ ಮಧ್ಯಾಹ್ನ, ನ್ಯೂ ಕ್ರಾಸ್ ಎಂಬಲ್ಲಿ ಜನರು ತುಂಬಿದ್ದ ಅಂಗಡಿಯ ಮೇಲೆ ವಿ-2 ಬಿದ್ದು 168 ಮಂದಿ ಸತ್ತರು. ಆದರೂ ಮರುದಿನ ಹಾಲು ಬೇಕು, ರೊಟ್ಟಿ ಬೇಕು. ಜನ ಹೊರಗೆ ಹೋಗಲೇಬೇಕಿತ್ತು.

ಕೊನೆಯ ವಿ-2 ಬಿದ್ದದ್ದು 1945ರ ಮಾರ್ಚ್ 27ರಂದು. ಈ ಎರಡು ಅಸ್ತ್ರಗಳಿಂದ ಬ್ರಿಟನ್ನಿನಲ್ಲಿ ಸತ್ತವರು ಸುಮಾರು 9,000.

ಇಂದು ರಾಡಾರ್ ಅಲೆಗಳು ಬೆಳಕಿನ ವೇಗದಲ್ಲಿ ಸಾಗಿ ಕ್ಷಿಪಣಿಯನ್ನು ದೂರದಲ್ಲೇ ಗುರುತಿಸಬಲ್ಲವು. ಆದರೂ ದಾಳಿಗೆ ಸಿಕ್ಕ ಊರಿನ ಮಕ್ಕಳಿಗೆ ಓಡಲು ಸಿಗುವುದು ಕೆಲವೇ ನಿಮಿಷ, ಕೆಲವೆಡೆ ಕೆಲವೇ ಸೆಕೆಂಡು.

ಮಾಡಿ ನೋಡಿ: ಮನೆಯೊಳಗೇ ಇದ್ದು, ಮಿಂಚಿಗೂ ಗುಡುಗಿಗೂ ನಡುವಿನ ಸೆಕೆಂಡುಗಳನ್ನು ಎಣಿಸಿ, 3ರಿಂದ ಭಾಗಿಸಿ. ಮಿಂಚು ಎಷ್ಟು ಕಿ.ಮೀ. ದೂರದಲ್ಲಿತ್ತು ಎಂದು ತಿಳಿಯುತ್ತದೆ. ಎಣಿಸುವಾಗ, 12ರವರೆಗೆ ಮಾತ್ರ ಎಣಿಸಲು ಸಮಯವಿದ್ದ ಆ ಮಕ್ಕಳನ್ನೂ ನೆನೆಯಿರಿ.