ಮೀನುಕೊಳದ ಹಸಿರು ನೀರು: ಬೆಳಕು, ಇಂಗಾಲಾಮ್ಲ ಮತ್ತು ಪಾಚಿಯ ಸಮತೋಲನ

ಕೆರೆ, ಕೊಳಗಳಲ್ಲಿ ಗೆಂಡೆ ಮೀನುಗಳನ್ನು ಸಾಕುವುದು ನಮ್ಮ ರೈತರಿಗೆ ಹೊಸದಲ್ಲ. 2014ರಲ್ಲಿ ಆರಂಭವಾದ ಕೃಷಿ ಭಾಗ್ಯ ಯೋಜನೆಯಡಿ ಒಣಭೂಮಿ ಪ್ರದೇಶದಲ್ಲೂ ಬಹಳಷ್ಟು ಹೊಂಡಗಳು ನಿರ್ಮಾಣವಾದವು. ನೀರು ಸಾಕಷ್ಟು ಕಾಲ ನಿಲ್ಲುವ ಇಂಥ ಹೊಂಡಗಳಲ್ಲಿ ಮೀನು ಸಾಕಿ ಉಪ ಆದಾಯ ಪಡೆಯಬಹುದು. ಆದರೆ ಈ ಕಸುಬಿನಲ್ಲಿ ಆಗಾಗ ಕಂಡುಬರುವ ಒಂದು ನಷ್ಟವಿದೆ. ಸಂಜೆ ಚೆನ್ನಾಗಿ ಮೇವು ತಿಂದ ಮೀನುಗಳು ಬೆಳಗಾಗುವಷ್ಟರಲ್ಲಿ ಸತ್ತು ತೇಲುತ್ತವೆ. ಯಾರೋ ವಿಷ ಹಾಕಿದರೆಂಬ ಅನುಮಾನ ಹುಟ್ಟಿ, ನೆರೆಹೊರೆಯವರಲ್ಲಿ ಮನಸ್ತಾಪ ಬೆಳೆಯುವುದೂ ಉಂಟು. ಅನೇಕ ಸಲ ಇದಕ್ಕೆ ಕಾರಣ ಹೊರಗಿನವರಲ್ಲ. ಕೊಳದಲ್ಲಿ ಅಳತೆ ಮೀರಿ ಬೆಳೆದ ಪಾಚಿ. ಈ ಪಾಚಿ ಹೇಗೆ ಬೆಳೆಯುತ್ತದೆ, ಅದನ್ನು ಹತೋಟಿಯಲ್ಲಿಡುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಹಸಿರು ನೀರು ಒಂದು ಬೆಳೆ

ಕೊಳದ ನೀರಿಗೆ ಹಸಿರು ಬಣ್ಣ ಕೊಡುವುದು ಬರಿಗಣ್ಣಿಗೆ ಬಿಡಿಯಾಗಿ ಕಾಣದಷ್ಟು ಸೂಕ್ಷ್ಮವಾದ ಪಾಚಿ. ಇದನ್ನು ಸಸ್ಯ ಪ್ಲವಕವೆಂದು ಕರೆಯುತ್ತಾರೆ. ಹೊಲದ ಪೈರಿನಂತೆ ಇದಕ್ಕೂ ಬಿಸಿಲು, ಇಂಗಾಲಾಮ್ಲ ಅನಿಲ ಹಾಗೂ ಸಾರಜನಕ, ರಂಜಕ ಮೊದಲಾದ ಪೋಷಕಾಂಶಗಳು ಬೇಕು. ಇಂಗಾಲದ ಡೈಆಕ್ಸೈಡ್ ಎಂದೂ ಕರೆಯಲಾಗುವ ಇಂಗಾಲಾಮ್ಲವು ಮೀನುಗಳ ಉಸಿರಾಟದಿಂದ ಮತ್ತು ತಳದಲ್ಲಿ ಸಗಣಿ, ಎಲೆ, ಉಳಿದ ಮೇವು ಕೊಳೆಯುವುದರಿಂದ ನೀರಿಗೆ ಸೇರುತ್ತದೆ.

ಪಾಚಿಯನ್ನು ತಿಂದು ಪ್ರಾಣಿ ಪ್ಲವಕಗಳು ಬೆಳೆಯುತ್ತವೆ. ಪ್ರಾಣಿ ಪ್ಲವಕಗಳು ಕಾಟ್ಲಾ ಮೀನಿನ ಮುಖ್ಯ ಆಹಾರ. ಬೆಳ್ಳಿಗೆಂಡೆ ನೇರವಾಗಿ ಸಸ್ಯ ಪ್ಲವಕವನ್ನೇ ಸೋಸಿ ತಿನ್ನುತ್ತದೆ. ಆದುದರಿಂದ ಪಾಚಿಯನ್ನು ಪೂರ್ತಿ ನಾಶ ಮಾಡುವುದು ಸರಿಯಲ್ಲ. ಅದು ಕೊರತೆಯಾದರೆ ಮೀನಿಗೆ ಸಹಜ ಆಹಾರವಿಲ್ಲ. ಅತಿಯಾದರೆ ಮೀನಿಗೆ ಉಸಿರಿಲ್ಲ.

ಹಗಲಿನ ಗಳಿಕೆ, ರಾತ್ರಿಯ ಖರ್ಚು

ಬಿಸಿಲಿರುವಾಗ ಪಾಚಿಯು ಇಂಗಾಲಾಮ್ಲವನ್ನು ಹೀರಿ ಆಮ್ಲಜನಕವನ್ನು ನೀರಿಗೆ ಬಿಡುತ್ತದೆ. ಹೀಗಾಗಿ ಮಧ್ಯಾಹ್ನ ಎರಡರಿಂದ ನಾಲ್ಕು ಗಂಟೆಯ ಸುಮಾರಿಗೆ ನೀರಿನಲ್ಲಿ ಆಮ್ಲಜನಕ ಅತಿ ಹೆಚ್ಚಾಗಿರುತ್ತದೆ. ಸೂರ್ಯ ಮುಳುಗಿದ ಮೇಲೆ ಈ ಉತ್ಪಾದನೆ ನಿಲ್ಲುತ್ತದೆ. ಆದರೆ ಉಸಿರಾಟ ನಿಲ್ಲುವುದಿಲ್ಲ. ಮೀನುಗಳ ಜೊತೆಗೆ ತಳದ ಕೆಸರಿನಲ್ಲಿರುವ ಸೂಕ್ಷ್ಮಾಣುಗಳೂ, ಪಾಚಿಯೂ ರಾತ್ರಿಯಿಡೀ ಆಮ್ಲಜನಕವನ್ನು ಬಳಸಿ ಇಂಗಾಲಾಮ್ಲವನ್ನು ಹೊರಬಿಡುತ್ತವೆ. ಸೂರ್ಯೋದಯಕ್ಕೆ ಸ್ವಲ್ಪ ಮೊದಲು ಆಮ್ಲಜನಕ ಅತಿ ಕಡಿಮೆ, ಇಂಗಾಲಾಮ್ಲ ಅತಿ ಹೆಚ್ಚು. ಇಂಗಾಲಾಮ್ಲ ಹೆಚ್ಚಿದಾಗ ಇರುವ ಅಲ್ಪ ಆಮ್ಲಜನಕವನ್ನು ಹೀರಿಕೊಳ್ಳುವುದೂ ಮೀನಿಗೆ ಕಷ್ಟವಾಗುತ್ತದೆ.

ನೀರಿನಲ್ಲಿ ಕರಗುವ ಆಮ್ಲಜನಕ ಬಹಳ ಸ್ವಲ್ಪ. ಒಂದು ಲೀಟರ್ ಗಾಳಿಯಲ್ಲಿ ಸುಮಾರು 270 ಮಿಲಿಗ್ರಾಂ ಆಮ್ಲಜನಕವಿದ್ದರೆ, 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಲೀಟರ್ ನೀರು ಗಾಳಿಯಿಂದ ಪಡೆದು ಹಿಡಿದಿಟ್ಟುಕೊಳ್ಳುವುದು ಸುಮಾರು 8 ಮಿಲಿಗ್ರಾಂ ಮಾತ್ರ. ನೀರು ಬಿಸಿಯಾದಷ್ಟೂ ಈ ಪ್ರಮಾಣ ಇಳಿಯುತ್ತದೆ. ಗೆಂಡೆ ಮೀನುಗಳು ಚೆನ್ನಾಗಿ ಬೆಳೆಯಲು ಲೀಟರಿಗೆ 5 ಮಿಲಿಗ್ರಾಂಗೆ ಕಡಿಮೆ ಇರಬಾರದು. ಪಾಚಿ ದಟ್ಟವಾಗಿದ್ದು ಎರಡು ಮೂರು ದಿನ ಮೋಡ ಕವಿದರೆ ಹಗಲಿನ ಗಳಿಕೆ ಇಳಿಯುತ್ತದೆ. ರಾತ್ರಿಯ ಖರ್ಚು ಮಾತ್ರ ಹಾಗೆಯೇ ಇರುತ್ತದೆ. ಮೋಡದ ದಿನಗಳ ನಂತರದ ಬೆಳಗಿನ ಜಾವವೇ ಅಪಾಯದ ವೇಳೆ.

ವಿಷಪ್ರಯೋಗಕ್ಕೂ ಆಮ್ಲಜನಕದ ಕೊರತೆಗೂ ವ್ಯತ್ಯಾಸ ಗುರುತಿಸಬಹುದು. ಕೊರತೆಯಾದಾಗ ಮೀನುಗಳು ಬೆಳಗಿನ ಜಾವ ಮೇಲೆ ಬಂದು ಬಾಯಿ ತೆರೆದು ಗಾಳಿಗಾಗಿ ತವಕಿಸುತ್ತವೆ. ಸಾಮಾನ್ಯವಾಗಿ ದೊಡ್ಡ ಮೀನುಗಳು ಮೊದಲು ಸಾಯುತ್ತವೆ. ಬಿಸಿಲೇರಿದಂತೆ ಉಳಿದವು ಚೇತರಿಸಿಕೊಳ್ಳುತ್ತವೆ. ವಿಷವಾದರೆ ಹೊತ್ತುಗೊತ್ತಿಲ್ಲದೆ, ಸಣ್ಣ ದೊಡ್ಡ ಮೀನುಗಳೆಂಬ ಭೇದವಿಲ್ಲದೆ ಸಾಯುವುದೇ ಹೆಚ್ಚು.

ರಸಸಾರದ ಏರಿಳಿತ ಮತ್ತು ಸುಣ್ಣ

ನೀರಿನಲ್ಲಿ ಕರಗಿದ ಇಂಗಾಲಾಮ್ಲವು ನೀರನ್ನು ಸ್ವಲ್ಪ ಹುಳಿಯಾಗಿಸುತ್ತದೆ. ಹಗಲು ಪಾಚಿ ಅದನ್ನು ಹೀರಿದಾಗ ರಸಸಾರ ಏರುತ್ತದೆ, ರಾತ್ರಿ ಮತ್ತೆ ಇಳಿಯುತ್ತದೆ. ಪಾಚಿ ಅತಿಯಾದ ಕೊಳದಲ್ಲಿ ಮಧ್ಯಾಹ್ನದ ರಸಸಾರ 9ನ್ನು ಮೀರಬಹುದು. ಆಗ ಇನ್ನೊಂದು ತೊಂದರೆ ಎದುರಾಗುತ್ತದೆ. ಮೀನಿನ ತ್ಯಾಜ್ಯದಿಂದ ಬರುವ ಅಮೋನಿಯ ರಸಸಾರ 7ರಲ್ಲಿ ಬಹುಮಟ್ಟಿಗೆ ನಿರಪಾಯ ರೂಪದಲ್ಲಿರುತ್ತದೆ. 9ಕ್ಕೆ ಏರಿದರೆ ಅದರಲ್ಲಿ ಮೂರನೆಯ ಒಂದು ಪಾಲಿಗೂ ಹೆಚ್ಚು ವಿಷರೂಪ ತಾಳುತ್ತದೆ.

ಈ ಏರಿಳಿತವನ್ನು ತಗ್ಗಿಸುವುದು ಸುಣ್ಣ. ಕೃಷಿ ಸುಣ್ಣವು ಇಂಗಾಲಾಮ್ಲದೊಡನೆ ಕೂಡಿ ಬೈಕಾರ್ಬೊನೇಟ್ ಆಗಿ ನೀರಿನಲ್ಲಿ ನಿಲ್ಲುತ್ತದೆ. ಇದು ಇಂಗಾಲಾಮ್ಲದ ಕಣಜವಿದ್ದಂತೆ. ಹೆಚ್ಚಾದಾಗ ಕೂಡಿಟ್ಟು, ಬೇಕಾದಾಗ ಕೊಡುತ್ತದೆ. ಮಲೆನಾಡು, ಕರಾವಳಿಯ ಜಂಬಿಟ್ಟಿಗೆ ಮಣ್ಣಿನಲ್ಲಿ ಹಾಗೂ ಅಲ್ಲಿನ ಮಳೆ ನೀರಿನಲ್ಲಿ ಸುಣ್ಣದ ಅಂಶ ಕಡಿಮೆಯಿರುವುದರಿಂದ ಅಲ್ಲಿ ಸುಣ್ಣ ಹಾಕುವುದು ಅತ್ಯವಶ್ಯಕ. ಬಯಲುಸೀಮೆಯ ಗಡಸು ನೀರಿನ ಕೊಳಗಳಿಗೆ ಅಷ್ಟು ಬೇಕಾಗದು. ಸಾಮಾನ್ಯವಾಗಿ ಹೆಕ್ಟೇರಿಗೆ 200ರಿಂದ 500 ಕಿಲೋ ಬೇಕಾಗುತ್ತದೆ; ಹುಳಿ ಮಣ್ಣಿಗೆ ಇನ್ನೂ ಹೆಚ್ಚು. ಮಣ್ಣು, ನೀರು ಪರೀಕ್ಷೆ ಮಾಡಿಸಿ ಪ್ರಮಾಣ ನಿರ್ಧರಿಸುವುದು ಲೇಸು. ಸುಣ್ಣವನ್ನೂ ಸೂಪರ್ ಫಾಸ್ಫೇಟನ್ನೂ ಒಂದೇ ದಿನ ಹಾಕಬಾರದು. ರಂಜಕವು ಸುಣ್ಣದೊಡನೆ ಕೂಡಿ ತಳ ಸೇರಿ ವ್ಯರ್ಥವಾಗುತ್ತದೆ. ಒಂದು ವಾರದ ಅಂತರವಿರಲಿ.

ಪಾಚಿಯನ್ನು ಅಳೆಯುವ ವಿಧಾನ

ಇದಕ್ಕೆ ಸೆಕ್ಕಿ ತಟ್ಟೆ ಎಂಬ ಸರಳ ಸಾಧನವಿದೆ. 20 ಸೆಂಟಿಮೀಟರ್ ಅಗಲದ ದುಂಡನೆಯ ತಗಡಿಗೆ ನಾಲ್ಕು ಭಾಗ ಮಾಡಿ, ಒಂದು ಬಿಟ್ಟು ಒಂದಕ್ಕೆ ಕಪ್ಪು, ಬಿಳಿ ಬಣ್ಣ ಬಳಿದು, ಗುರುತು ಹಾಕಿದ ಹಗ್ಗ ಕಟ್ಟಿ, ಅಡಿಗೆ ಭಾರ ಕೊಟ್ಟರಾಯಿತು. ಬಿಸಿಲಿನಲ್ಲಿ ನೀರಿಗೆ ಇಳಿಬಿಟ್ಟು, ಅದು ಕಣ್ಣಿಗೆ ಮರೆಯಾಗುವ ಆಳವನ್ನು ನೋಡಬೇಕು.

* 25ರಿಂದ 40 ಸೆಂಟಿಮೀಟರ್: ಪಾಚಿ ಹದವಾಗಿದೆ.
* 20 ಸೆಂಟಿಮೀಟರಿಗಿಂತ ಕಡಿಮೆ: ಅಪಾಯ. ಗೊಬ್ಬರ ನಿಲ್ಲಿಸಬೇಕು.
* 60 ಸೆಂಟಿಮೀಟರಿಗಿಂತ ಹೆಚ್ಚು: ಆಹಾರದ ಕೊರತೆ. ಗೊಬ್ಬರ ಕೊಡಬೇಕು.

ತಟ್ಟೆ ಇಲ್ಲದಿದ್ದರೆ ತೋಳನ್ನು ನೇರವಾಗಿ ಇಳಿಬಿಟ್ಟು, ಅಂಗೈಯನ್ನು ಮೇಲ್ಮುಖವಾಗಿ ಮಡಿಸಿ ನೀರಿನಲ್ಲಿ ಮುಳುಗಿಸಿರಿ. ನೀರು ಮೊಣಕೈ ಮುಟ್ಟುವ ಹೊತ್ತಿಗೆ ಅಂಗೈ ಕಾಣದಾದರೆ ಹದ ಸರಿಯಾಗಿದೆ. ಮಣಿಕಟ್ಟು ದಾಟುತ್ತಲೇ ಮರೆಯಾದರೆ ಪಾಚಿ ಅತಿಯಾಗಿದೆ. ಮಳೆಯ ಕೆಂಪು ನೀರು ಸೇರಿ ಕದಡಿದ್ದರೆ ಈ ಅಳತೆ ಅನ್ವಯಿಸದು. ಅದು ಮಣ್ಣಿನ ಕದಡೇ ಹೊರತು ಪಾಚಿಯಲ್ಲ.

ಗೊಬ್ಬರ ಕಂತಿನಲ್ಲಿರಲಿ

ಒಂದೇ ಸಲ ಗಾಡಿಗಟ್ಟಲೆ ಸಗಣಿ ಸುರಿಯುವುದೇ ಪಾಚಿ ಕೈಮೀರಲು ಮುಖ್ಯ ಕಾರಣ. ಹೆಕ್ಟೇರಿಗೆ ವರ್ಷಕ್ಕೆ 15 ಟನ್ ಸಗಣಿ ಗೊಬ್ಬರದ ಲೆಕ್ಕದಲ್ಲಿ ಹತ್ತು ಗುಂಟೆ ಕೊಳಕ್ಕೆ ಸುಮಾರು ಒಂದೂವರೆ ಟನ್ ಆಗುತ್ತದೆ. ಇದರಲ್ಲಿ ಐದನೆಯ ಒಂದು ಭಾಗ, ಅಂದರೆ 300 ಕಿಲೋವನ್ನು ಮರಿ ಬಿಡುವ ಹದಿನೈದು ದಿನ ಮೊದಲು ಹಾಕಬೇಕು. ಉಳಿದುದನ್ನು ಹದಿನೈದು ದಿನಕ್ಕೊಮ್ಮೆ 50 ಕಿಲೋದಂತೆ ಕೊಡಬೇಕು. ಪ್ರತಿ ಕಂತಿಗೂ ಮೊದಲು ನೀರಿನ ಹದ ನೋಡಿ, ಪಾಚಿ ದಟ್ಟವಾಗಿದ್ದರೆ ಆ ಕಂತನ್ನು ಬಿಡಬೇಕು. ಮೋಡದ ದಿನ ಗೊಬ್ಬರ ಬೇಡ.

ನೀರು ತಳದವರೆಗೆ ತಿಳಿಯಾಗಿದ್ದರೂ ತೊಂದರೆಯೇ. ಮಣ್ಣಿನ ತಳದ ಕೊಳದಲ್ಲಿ ಬೆಳಕು ತಳ ಮುಟ್ಟಿದರೆ ಹೈಡ್ರಿಲ್ಲಾದಂಥ ನೀರುಕಳೆ ಬೇರೂರಿ ಪೋಷಕಾಂಶಗಳನ್ನೆಲ್ಲ ಕಬಳಿಸುತ್ತದೆ. ಒಂದೂವರೆಯಿಂದ ಎರಡು ಮೀಟರ್ ಆಳ ಮತ್ತು ಹದವಾದ ಹಸಿರು ನೀರಿದ್ದರೆ ನೆರಳಿನಿಂದಲೇ ಕಳೆ ಅಡಗುತ್ತದೆ. ಬೇರೂರಿದ ಕಳೆಗೆ ಹುಲ್ಲುಗೆಂಡೆ ಬಿಡುವುದು ಒಳ್ಳೆಯ ಉಪಾಯ.

ಪಾಚಿ ಅತಿಯಾದಾಗ

ಗೊಬ್ಬರ, ಮೇವು ನಿಲ್ಲಿಸಿ, ಸಾಧ್ಯವಿದ್ದಷ್ಟು ಹಸಿರು ನೀರನ್ನು ತೋಟಕ್ಕೆ ಹಾಯಿಸಿ ಹೊಸ ನೀರು ತುಂಬಬೇಕು. ಈ ನೀರು ಬೆಳೆಗೆ ಒಳ್ಳೆಯ ಗೊಬ್ಬರ. ಗಾಳಿ ಬೀಸಿದ ದಿಕ್ಕಿನ ದಡದಲ್ಲಿ ಬಣ್ಣ ಚೆಲ್ಲಿದಂತೆ ಕೆನೆಗಟ್ಟುವುದು ನೀಲಿ-ಹಸಿರು ಪಾಚಿ. ಇದರಲ್ಲಿ ಕೆಲವು ಜಾತಿಗಳು ವಿಷಕಾರಿಯಾದುದರಿಂದ ದನಕರುಗಳಿಗೆ ಆ ನೀರು ಕುಡಿಸಬಾರದು. ಕೆನೆಯನ್ನು ಬಟ್ಟೆಯಿಂದ ಎಳೆದು ತೆಗೆಯಬೇಕು. ಮೈಲುತುತ್ತ ಹಾಕಿ ಪಾಚಿಯನ್ನು ಒಮ್ಮೆಲೇ ಕೊಲ್ಲುವುದು ಅಪಾಯಕರ. ಸತ್ತ ಪಾಚಿ ಕೊಳೆಯುವಾಗ ಇರುವ ಆಮ್ಲಜನಕವೂ ಮುಗಿದುಹೋಗುತ್ತದೆ. ಮೆದು ನೀರಿನಲ್ಲಿ ತುತ್ತವೇ ಮೀನಿಗೆ ವಿಷ.

ಮೀನು ಬಾಯಿ ತೆರೆದಾಗ

1. ತಡಮಾಡದೆ ಪಂಪು ಹಾಕಿ ಹೊಸ ನೀರು ಬಿಡಿರಿ. ಕೊಳವೆ ಬಾವಿಯ ನೀರಿನಲ್ಲಿ ಆಮ್ಲಜನಕ ಕಡಿಮೆ, ಇಂಗಾಲಾಮ್ಲ ಹೆಚ್ಚು ಇರುವುದರಿಂದ ಅದನ್ನು ಎತ್ತರದಿಂದ, ತೂತು ಬಿದ್ದ ತಗಡಿನ ಮೇಲೆ ಚದುರಿ ಬೀಳುವಂತೆ ಮಾಡಬೇಕು.
2. ಹೊಸ ನೀರಿಲ್ಲದಿದ್ದರೆ ಕೊಳದ ಮೇಲ್ಪದರದ ನೀರನ್ನೇ ಎತ್ತಿ ಕೊಳಕ್ಕೇ ಸಿಂಪಡಿಸಿರಿ.
3. ತಳದ ಕೆಸರನ್ನು ಕಲಕಬೇಡಿ. ಆ ದಿನ ಮೇವು ಹಾಕಬೇಡಿ.
4. ಮಾರಾಟದ ಗಾತ್ರದ ಮೀನುಗಳಿದ್ದರೆ, ಅವು ಚೇತರಿಸಿಕೊಂಡ ಮೇಲೆ ಒಂದಷ್ಟನ್ನು ಹಿಡಿದು ಮಾರಿ ಕೊಳದ ಹೊರೆ ಇಳಿಸಿರಿ.

ವಾರಕ್ಕೊಮ್ಮೆ ತಟ್ಟೆ ಇಳಿಬಿಟ್ಟು ನೋಡುವುದಕ್ಕೆ ಐದು ನಿಮಿಷ ಸಾಕು. ಮೋಡ ಕವಿದ ದಿನಗಳಲ್ಲಿ ಬೆಳಗಿನ ಜಾವ ಕೊಳದ ದಡಕ್ಕೆ ಒಂದು ಸುತ್ತು ಹಾಕಬೇಕು. ನೀರಿನ ಪರೀಕ್ಷೆ ಹಾಗೂ ಹೆಚ್ಚಿನ ಸಲಹೆಗಾಗಿ ತಾಲ್ಲೂಕಿನ ಮೀನುಗಾರಿಕೆ ಇಲಾಖೆಯ ಕಚೇರಿ ಅಥವಾ ಹತ್ತಿರದ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು.