ಮಚ್ಚಿನ ಹಿಡಿ ಮತ್ತು ಅಲಗಿನ ಬಾಳಿಕೆ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆ ತಾಲ್ಲೂಕುಗಳ ತೆಂಗು ಅಡಿಕೆ ತೋಟಗಳಲ್ಲಿ ಮಚ್ಚು ನಿತ್ಯೋಪಯೋಗಿಯಾದ ಸಲಕರಣೆಯಾಗಿದೆ. ಇದನ್ನು ಕೊಳ್ಳುವವರು ಅಲಗನ್ನು ಬೆರಳಿನಿಂದ ಮೀಟಿ ನೋಡುವರೇ ಹೊರತು ಹಿಡಿಯೊಳಗೆ ಏನಿದೆಯೆಂದು ವಿಚಾರಿಸುವುದು ಅಪೂರ್ವ. ಆದರೆ ಮಚ್ಚು ಸಾಮಾನ್ಯವಾಗಿ ಮುರಿಯುವುದು ಅಲಗಿನ ನಡುವೆ ಅಲ್ಲ, ಅಲಗು ಹಿಡಿಯನ್ನು ಸೇರುವ ಕೊರಳಿನಲ್ಲಿ. ಹಾಗೆ ಕಳಚಿ ಹಾರಿದ ಅಲಗಿನಿಂದ ಎದುರಿಗೆ ನಿಂತ ಆಳಿಗೆ ಪ್ರಾಣಾಪಾಯವುಂಟು.

ಏಟು ಬೀಳುವುದು ಅಲಗಿನ ತುದಿಯ ಕಡೆ. ಬಿಗಿ ಹಿಡಿದಿರುವುದು ಇನ್ನೊಂದು ಕೊನೆ. ಹಿಂದಿನ ಏತದ ಮರಕ್ಕೆ ಕಂಬದ ಬಳಿಯಲ್ಲಿ ಹೇಗೋ ಹಾಗೆ ಮಚ್ಚಿಗೆ ಕೊರಳಿನಲ್ಲಿ ಬಾಗಿಸುವ ಬಲವು ಅಧಿಕ. ಹಿಡಿಯೊಳಗೆ ಹೋಗುವ ಕಬ್ಬಿಣವನ್ನು ಬಾಲವೆನ್ನೋಣ. ದಪ್ಪವು ಒಂದೇ ಆಗಿದ್ದು, 2 ಅಂಗುಲ ಅಗಲದ ಅಲಗಿಗೆ 1 ಅಂಗುಲದ ಬಾಲವನ್ನಿಟ್ಟರೆ ಅಲ್ಲಿ ಶಕ್ತಿಯು ಅರ್ಧಕ್ಕಲ್ಲ, ಕಾಲು ಭಾಗಕ್ಕೆ ಇಳಿಯುವುದು. ಅಲಗಿನಿಂದ ಬಾಲಕ್ಕೆ ತಿರುಗುವ ಮೂಲೆಯನ್ನು ಚೂಪಾಗಿ ಕತ್ತರಿಸಿದ್ದರೆ ಬಿರುಕು ಅಲ್ಲಿಂದಲೇ ಹುಟ್ಟುತ್ತದೆ, ಅದು ದುಂಡಗಿರತಕ್ಕದ್ದು. ಬಾಲಕ್ಕೆ ನೀರು ಕುಡಿಸಿ ಗಡಸು ಮಾಡಲೂ ಬಾರದು. ಲಾರಿಯ ಕಮಾನುಪಟ್ಟಿಯಿಂದ ಮಾಡಿದ ಮಚ್ಚುಗಳಲ್ಲಿ ಈ ಎಚ್ಚರಿಕೆ ವಿಶೇಷವಾಗಿ ಅವಶ್ಯ.

ಮೊನಚಾದ ಗಿಡ್ಡ ಬಾಲವನ್ನು ಕೆಂಪಗೆ ಕಾಯಿಸಿ ಮರಕ್ಕೆ ಇಳಿಸಿ ಬಳೆ ಹಾಕುವುದು ಸುಲಭವಾದ ಕ್ರಮ. ಸೊಪ್ಪು ಸವರಲು ಇದು ಸಾಕು, ತೆಂಗಿನಕಾಯಿ ಒಡೆಯಲು ಸಾಲದು. ಸುಟ್ಟ ಮರವು ಇದ್ದಿಲಾಗಿ ಉದುರಿ ಸಡಿಲವಾಗುವುದು. ಬೇಸಿಗೆಯಲ್ಲಿ ಮರವೂ ಕುಗ್ಗುವುದು. ಆಗ ಹಿಡಿಯನ್ನು ನೀರಿನಲ್ಲಿ ನೆನೆಸುವವರುಂಟು. ಉಬ್ಬಿದ ಮರವು ಕಬ್ಬಿಣಕ್ಕೆ ಒತ್ತಿ ನಾರು ನಜ್ಜಾಗುವುದರಿಂದ, ಒಣಗಿದ ಮೇಲೆ ಮೊದಲಿಗಿಂತಲೂ ಹೆಚ್ಚು ಸಡಿಲವಾಗುತ್ತದೆ. ಇದು ಬಿಡಬೇಕಾದ ಅಭ್ಯಾಸ.

ಬಾಲವನ್ನು ಹಿಡಿಯ ಹಿಂಬದಿಯವರೆಗೂ ತೂರಿಸಿ ಬಿಲ್ಲೆಯ ಮೇಲೆ ಮಡಿಸಿ ತಟ್ಟಿದರೆ ಅಲಗು ಹಾರಲಾರದು. ಇದಕ್ಕಿಂತ ಭದ್ರವಾದದ್ದು, ಹಿಡಿಯಷ್ಟೇ ಅಗಲವಾದ ಬಾಲದ ಎರಡು ಪಕ್ಕಕ್ಕೂ ಮರದ ಹಲಗೆಯಿಟ್ಟು ರಿವೆಟ್ಟು ಹೊಡೆಯುವ ಕ್ರಮ. ಮರವು ಸೀಳಿದರೂ ಕಬ್ಬಿಣವು ಕೈಯಲ್ಲಿಯೇ ಉಳಿಯುವುದು. ರಂಧ್ರಗಳು ಬಾಲದ ನಡುಗೆರೆಯಲ್ಲಿಯೇ ಇರಬೇಕು, ಕೊರಳಿಗೆ ಸಮೀಪವಿರಕೂಡದು. ಅಂಚಿಗೆ ಕೊರೆದರೆ ಅಗಲವಾದ ಬಾಲವಿಟ್ಟ ಪ್ರಯೋಜನವೇ ತಪ್ಪುವುದು. ಹಿಡಿಗೆ ಚೆನ್ನಾಗಿ ಒಣಗಿದ ಕರಿಜಾಲಿ ಅಥವಾ ದಿಂಡಿಗದ ಮರವು ಯೋಗ್ಯವಾದುದು.

ಈ ಬಗೆಯ ಮಚ್ಚು ತುಸು ಭಾರ, ಬೆಲೆಯೂ ಅಧಿಕ. ಹಲಗೆಯಡಿಯಲ್ಲಿ ಬೆವರು ಇಳಿದು ತುಕ್ಕು ಹಿಡಿಯುವುದೇ ಇದರ ದೋಷ. ಆದುದರಿಂದ ಹಲಗೆ ಕೂರಿಸುವ ಮುನ್ನ ಕಬ್ಬಿಣಕ್ಕೆ ಅಗಸೆ ಎಣ್ಣೆ ಸವರಿ, ವರ್ಷಕ್ಕೊಮ್ಮೆ ರಿವೆಟ್ಟುಗಳನ್ನು ತಟ್ಟಿ ನೋಡತಕ್ಕದ್ದು.